ಸಣ್ಣ ಹಲ್ಲಿನ ಗರಗಸಕ್ಕೆ ಅರ ಹಾಕುವುದು

(ಕೈಯಿಂದ ಮರಗೆಲಸ ಮಾಡುವವರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ, ಧಾಟಿ ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಉಳಿಗೆ ಸಾಣೆ ಹಿಡಿಯಲು ಬಾರದವರು ಯಾರೂ ಇರಲಿಕ್ಕಿಲ್ಲ. ಉಜ್ಜುಗೊರಡಿನ ಅಲಗು ಮೊಂಡಾಯಿತು ಅಂದರೆ ಕಲ್ಲಿನ ಮೇಲಿಟ್ಟು ಉಜ್ಜುತ್ತೇವೆ, ಮುಗೀತು. ಗರಗಸ ಮೊಂಡಾದರೆ ಮಾತ್ರ ನಮ್ಮ ರೀತಿಯೇ ಬೇರೆ. ಇನ್ನಷ್ಟು ಒತ್ತಿ ಕೊಯ್ಯುತ್ತೇವೆ. ಅದೂ ಸಾಗದಿದ್ದಾಗ ಹೊಸದು ತರುತ್ತೇವೆ. ಅದರಲ್ಲೂ ಇಂಚಿಗೆ 15, 18, 20 ಹಲ್ಲಿರುವ ಸಣ್ಣ ಗರಗಸಕ್ಕೆ ಅರ ಹಾಕಿ ಅಂದರೆ ಎಲ್ಲರೂ ಹಿಂದೆ ಸರಿಯುತ್ತಾರೆ.

ಇದು ತಪ್ಪು ಭಯ ಅಂತ ನನಗೆ ಅನ್ನಿಸುತ್ತದೆ. ಸಣ್ಣ ಹಲ್ಲಿನಲ್ಲಿ ಕಷ್ಟ ಇರುವುದು ಕಣ್ಣಿಗೆ. ಕೈಗೆ ಅದು ದೊಡ್ಡ ಗರಗಸಕ್ಕಿಂತ ಹಗುರದ ಕೆಲಸ, ಯಾಕೆಂದರೆ ಒಂದೊಂದು ಹಲ್ಲಿನಿಂದ ತೆಗೆಯಬೇಕಾದ ಉಕ್ಕು ತೀರಾ ಸ್ವಲ್ಪ. ಇನ್ನೊಂದು ವಿಷಯ. ಹೊಸದಾಗಿ ತಂದ ಸಣ್ಣ ಗರಗಸ ಗೆರೆ ಹಿಡಿದು ಹೋಗುತ್ತಿಲ್ಲ ಅಂದರೆ, ಬಹಳಷ್ಟು ಸಲ ಅದು ಮೊಂಡಾಗಿರುವುದಿಲ್ಲ. ಅದರ ಹಲ್ಲುಗಳು ಬೇಕಾದ್ದಕ್ಕಿಂತ ಜಾಸ್ತಿ ಆಚೀಚೆ ಬಾಗಿರುತ್ತವೆ. ಆ ಬಾಗನ್ನು ಸೆಟ್ ಅನ್ನುತ್ತೇವೆ. ಸಣ್ಣ ಗರಗಸವನ್ನು ಸುಧಾರಿಸುವ ಕೆಲಸ ಶುರುವಾಗುವುದು ಅಲ್ಲಿಂದ, ಸೆಟ್ ಕಡಿಮೆ ಮಾಡುವುದರಿಂದ. ಇವತ್ತಿನ ಮಾತಿನಲ್ಲಿ ಮತ್ತೆ ಮತ್ತೆ ಇಲ್ಲಿಗೇ ಬರುತ್ತೇನೆ.

ಮೊದಲಿಗೆ, ಯಾವ ಗರಗಸಕ್ಕೆ ಅರ ಹಾಕಬಹುದು? ಈಗ ಸಿಗುವ ಎಷ್ಟೋ ಗರಗಸಗಳ ಹಲ್ಲಿನ ತುದಿ ನೀಲಿಗಪ್ಪಾಗಿರುತ್ತದೆ, ನೋಡಿರುತ್ತೀರಿ. ಕಾರ್ಖಾನೆಯಲ್ಲಿ ಹಲ್ಲಿನ ತುದಿಯನ್ನಷ್ಟೇ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯಿಸಿ ಗಡುಸು ಮಾಡಿರುತ್ತಾರೆ. ಅಂಥದ್ದರ ಮೇಲೆ ಅರ ಕಚ್ಚುವುದಿಲ್ಲ, ಜಾರುತ್ತದೆ. ಒಳ್ಳೆಯ ಅರವೊಂದು ಸುಮ್ನೆ ಹಾಳಾಗುತ್ತದೆ. ಮಾಮೂಲಿ ಗರಗಸದ ಉಕ್ಕು ಗಡುಸುತನ ಅಳೆಯುವ ರಾಕ್‌ವೆಲ್ ಸಿ ಅಳತೆಯಲ್ಲಿ ಸುಮಾರು 50ರ ಹತ್ತಿರ ಇರುತ್ತದೆ, ಅರದ ಉಕ್ಕು 60ರ ಮೇಲೆ. ಆ ಅಂತರ ಇರುವುದರಿಂದಲೇ ಅರ ಗರಗಸವನ್ನು ಕಚ್ಚುತ್ತದೆ. ಅನುಮಾನ ಇದ್ದರೆ ಹಿಡಿಯ ಪಕ್ಕದ ಕಡೇ ಹಲ್ಲಿನ ಮೇಲೆ ಹಳೇ ಅರದ ಮೂಲೆಯನ್ನು ಒಮ್ಮೆ ಎಳೆದು ನೋಡಿ. ಕಚ್ಚಿದರೆ ಆ ಗರಗಸ ನಿಮ್ಮ ಜೊತೆ ವರ್ಷಗಟ್ಟಲೆ ಇರುತ್ತದೆ.

ಇನ್ನು ಹಲ್ಲಿನ ಆಕಾರ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ನಾವು ಬಳಸುವುದು ಮೂರುಮೂಲೆ ಅರ. ಅದರ ಮೂರು ಕೋನವೂ 60 ಡಿಗ್ರಿ. ಹಾಗಾಗಿ ಎರಡು ಹಲ್ಲಿನ ನಡುವಿನ ಸಂದಿಯೂ 60 ಡಿಗ್ರಿ, ಹಲ್ಲಿನ ತುದಿಯೂ 60 ಡಿಗ್ರಿ. ಅದನ್ನು ನಾವು ಬದಲಿಸಲು ಆಗುವುದಿಲ್ಲ. ನಮ್ಮ ಕೈಯಲ್ಲಿ ಇರುವುದು ಅರವನ್ನು ಅದರ ಉದ್ದದ ಸುತ್ತ ಎಷ್ಟು ತಿರುಗಿಸಿ ಹಿಡಿಯುತ್ತೇವೆ ಅನ್ನುವುದಷ್ಟೇ. ಹಲ್ಲಿನ ಮುಂದಿನ ಮುಖ ನೆಟ್ಟಗೆ ನಿಂತಿದ್ದರೆ ಓರೆ ಸೊನ್ನೆ. ಅಂಥ ಹಲ್ಲು ಮರವನ್ನು ಜೋರಾಗಿ ಕಚ್ಚುತ್ತದೆ, ಬೇಗ ಕೊಯ್ಯುತ್ತದೆ, ಆದರೆ ಕೊಯ್ತ ಶುರು ಮಾಡುವಾಗ ಎಡವುತ್ತದೆ. ಮುಖವನ್ನು ಹಿಂದಕ್ಕೆ ವಾಲಿಸುತ್ತಾ ಹೋದ ಹಾಗೆ ಕೊಯ್ತ ನಯವಾಗುತ್ತದೆ, ನಿಧಾನವೂ ಆಗುತ್ತದೆ. ಮರದ ಎಳೆಯ ಉದ್ದಕ್ಕೆ ಸೀಳುವ ಹಲ್ಲಿಗೆ ಸೊನ್ನೆಯಿಂದ 8 ಡಿಗ್ರಿವರೆಗೆ, ಎಳೆಗೆ ಅಡ್ಡ ಕೊಯ್ಯುವ ಹಲ್ಲಿಗೆ 12ರಿಂದ 20 ಡಿಗ್ರಿವರೆಗೆ ಓರೆ ಕೊಡುವುದು ರೂಢಿ.

ಒಂದು ಲೆಕ್ಕ ಹೇಳುತ್ತೇನೆ. ಇಂಚಿಗೆ 15 ಹಲ್ಲು ಅಂದರೆ ತುದಿಯಿಂದ ತುದಿಗೆ 1.7 ಮಿಲಿಮೀಟರ್. ಓರೆ ಸೊನ್ನೆ ಇದ್ದರೆ ಹಲ್ಲಿನ ಎತ್ತರ ಸರಿಸುಮಾರು 1 ಮಿಲಿಮೀಟರ್. ಅದೇ ಅರವನ್ನು ತಿರುಗಿಸಿ 15 ಡಿಗ್ರಿ ಓರೆ ಕೊಟ್ಟರೆ ಎತ್ತರ 1.3ಕ್ಕೆ ಏರುತ್ತದೆ. ಅಂದರೆ ಓರೆ ಜಾಸ್ತಿಯಾದಷ್ಟೂ ಸಂದಿ ಆಳವಾಗುತ್ತದೆ. ಸೀಳುವ ಹಲ್ಲನ್ನು ಹಿಂದಕ್ಕೆ ವಾಲಿಸಬೇಕು ಅಂದುಕೊಂಡರೆ ಇನ್ನಷ್ಟು ಆಳಕ್ಕೆ ಅರ ಓಡಿಸಬೇಕು. ಒಂದೆರಡು ಉಜ್ಜಿನಲ್ಲಿ ಓರೆ ಬದಲಾಗಲಿಲ್ಲ ಅಂತ ಕೈಬಿಡಬೇಡಿ.

ಹಾಗಾದರೆ ಸಣ್ಣ ಗರಗಸಕ್ಕೆ ಯಾವ ಹಲ್ಲು ಒಳ್ಳೆಯದು? ನನ್ನ ಅಭಿಪ್ರಾಯ ಖಚಿತ. ಇಂಚಿಗೆ 14ಕ್ಕಿಂತ ಜಾಸ್ತಿ ಹಲ್ಲಿದ್ದರೆ ಸೀಳುವ ಹಲ್ಲನ್ನೇ ಇಡಿ. ಡವ್‌ಟೇಲ್ ಅನ್ನುವ, ಪಾರಿವಾಳದ ಬಾಲದ ಆಕಾರದ ಜೋಡಣೆಯಲ್ಲಿ ಹೆಚ್ಚಿನ ಕೊಯ್ತವೆಲ್ಲ ಎಳೆಯ ದಿಕ್ಕಿನಲ್ಲೇ ಇರುತ್ತದೆ. ಅಲ್ಲದೆ ಹಲ್ಲು ಇಷ್ಟು ಸಣ್ಣದಾದಾಗ ಅಡ್ಡ ಕೊಯ್ದರೂ ಅಂಚು ಅಷ್ಟೇನೂ ಹರಿಯುವುದಿಲ್ಲ. ಈಗ ಹೆಸರು ಮಾಡಿರುವ ಡವ್‌ಟೇಲ್ ಗರಗಸಗಳನ್ನು ನೋಡಿ. 1990ರ ದಶಕದಲ್ಲಿ ಅಮೆರಿಕದ ಇಂಡಿಪೆಂಡೆನ್ಸ್ ಟೂಲ್ ಎಂಬ ಪುಟ್ಟ ಸಂಸ್ಥೆ ಹಳೇ ಕಾಲದ ಮಾದರಿಯ ಗರಗಸವೊಂದನ್ನು ಮತ್ತೆ ಮಾಡಿತು. ಆಮೇಲೆ ಅದನ್ನು ಲೈ-ನೀಲ್ಸನ್ ಕಂಪನಿ ತೆಗೆದುಕೊಂಡಿತು. ಅದರ ಅಲಗು ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಇಂಚಿಗೆ 15 ತುದಿ, ಸೀಳುವ ಹಲ್ಲು, ಸೆಟ್ ತೀರಾ ಕಡಿಮೆ. ಇಷ್ಟು ಗುಣಗಳನ್ನು ಮಾಮೂಲಿ ಗರಗಸಕ್ಕೂ ನಾವೇ ಕೊಡಬಹುದು. (ಇಂಚಿಗೆ ಇಷ್ಟು ತುದಿ ಅಂದಾಗ ಎರಡೂ ಕೊನೆಯ ತುದಿಗಳನ್ನು ಎಣಿಸುತ್ತಾರೆ. 15 ತುದಿ ಅಂದರೆ 14 ಹಲ್ಲು. ಅರ ಕೊಳ್ಳುವಾಗ ಇದು ನೆನಪಿರಲಿ.)

ಈಗ ಕೆಲಸಕ್ಕೆ ಬರೋಣ. ನೇರ ಹಿಡಿಯ, ಹಿತ್ತಾಳೆ ಬೆನ್ನಿನ ಸಣ್ಣ ಗರಗಸವೊಂದು ನಿಮ್ಮ ಹತ್ತಿರ ಇದೆ ಅಂತಿಟ್ಟುಕೊಳ್ಳಿ. ದುಬಾರಿಯದ್ದಲ್ಲ. ಕೊಯ್ದರೆ ಕೊಯ್ತ ಅಗಲ, ಗರಗಸ ಒಳಗೆ ಓಲಾಡುತ್ತದೆ, ಗೆರೆ ಬಿಟ್ಟು ಹೋಗುತ್ತದೆ.

ಮೊದಲು ಕ್ಯಾಲಿಪರ್ ತೆಗೆದುಕೊಳ್ಳಿ. ಅಲಗಿನ ದಪ್ಪ ಅಳೆಯಿರಿ, ಆಮೇಲೆ ಹಲ್ಲುಗಳ ಮೇಲೆ ಅಳೆಯಿರಿ. ಅಲಗು 0.5 ಮಿಲಿಮೀಟರ್ ಇದ್ದು ಹಲ್ಲಿನ ಮೇಲೆ 0.8 ಬಂದರೆ ರೋಗ ಸಿಕ್ಕಿತು. ಒಣಗಿದ ಗಟ್ಟಿ ಮರದಲ್ಲಿ ಜೋಡಣೆ ಕೊಯ್ಯುವ ಸಣ್ಣ ಗರಗಸಕ್ಕೆ ಒಂದೊಂದು ಕಡೆಗೆ 0.05 ಮಿಲಿಮೀಟರ್ ಸಾಕು. ಹಲ್ಲಿನ ಮೇಲೆ 0.6 ಬಂದರೆ ಸರಿ. ಮೆತ್ತಗಿನ ಅಥವಾ ಹಸಿ ಮರಕ್ಕಾದರೆ ಇನ್ನೊಂಚೂರು ಬೇಕು. ಸೆಟ್ ಜಾಸ್ತಿ ಇದ್ದರೆ ಸುರಕ್ಷಿತ, ಗರಗಸ ಸಿಕ್ಕಿಕೊಳ್ಳುವುದಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಸಿಕ್ಕಿಕೊಳ್ಳುವುದಿಲ್ಲ ನಿಜ. ಆದರೆ ಅಲಗಿಗೆ ಎರಡೂ ಕಡೆ ಆಸರೆ ಇಲ್ಲದೆ ಹೋಗುತ್ತದೆ. ಕೊಯ್ತದ ಗೋಡೆಗಳೇ ಅಲಗನ್ನು ನೇರ ಹಿಡಿಯುವುದು, ಅಲ್ವಾ? ಗೋಡೆ ದೂರ ಇದ್ದರೆ ಅಲಗು ಮನಸ್ಸು ಬಂದ ಕಡೆ ವಾಲುತ್ತದೆ.

ಸೆಟ್ ಕಡಿಮೆ ಮಾಡುವುದು ಹೇಗೆ? ನಯವಾದ ದವಡೆಯ ಕಬ್ಬಿಣದ ವೈಸ್ ಬೇಕು. ದವಡೆಯಲ್ಲಿ ಗೆರೆ ಗೆರೆ ಕೊರೆದಿದ್ದರೆ ಆಗದು. ಮಾಮೂಲಿ ಬರೆಯುವ ಕಾಗದವನ್ನು ಮಡಚಿ ಹಲ್ಲಿನ ಸಾಲಿನ ಮೇಲೆ ಹೊದಿಸಿ, ಎರಡೂ ಕಡೆ ಒಂದೊಂದು ಪದರ ಬರುವ ಹಾಗೆ. ದವಡೆಯ ನಡುವೆ ಇಟ್ಟು ಗಟ್ಟಿಯಾಗಿ ಬಿಗಿಸಿ. ಹಲ್ಲುಗಳು ಕಾಗದಕ್ಕೆ ಕಚ್ಚಿಕೊಂಡು ಒಳಕ್ಕೆ ಒತ್ತುತ್ತವೆ. ದವಡೆಯಷ್ಟು ಉದ್ದ ಆದಮೇಲೆ ಮುಂದಕ್ಕೆ ಜರುಗಿಸಿ. ಈ ವಿಧಾನದ ಚೆಂದ ಏನೆಂದರೆ ಜಾಸ್ತಿ ಬಾಗಿದ ಹಲ್ಲು ಜಾಸ್ತಿ ಒತ್ತಿಸಿಕೊಳ್ಳುತ್ತದೆ, ಸರಿ ಇರುವ ಹಲ್ಲು ಹಾಗೇ ಉಳಿಯುತ್ತದೆ. ಸಾಲು ಸಮ ಆಗುತ್ತದೆ. ಅರ ಮುಟ್ಟದೆ ಇಷ್ಟು ಮಾಡಿ ಒಂದು ಕೊಯ್ತ ಕೊಯ್ದು ನೋಡಿ. ಬೇರೆಯದೇ ಗರಗಸ ಹಿಡಿದ ಹಾಗಿರುತ್ತದೆ.

ಆಮೇಲೆ ಹಲ್ಲಿನ ಸಾಲನ್ನು ಮಟ್ಟ ಮಾಡಬೇಕು. ಗರಗಸವನ್ನು ಮರದ ದವಡೆಯ ವೈಸ್‌ನಲ್ಲಿ ತಲೆಕೆಳಗಾಗಿ ಹಿಡಿಸಿ. ಹಲ್ಲು ಮೂರ್ನಾಲ್ಕು ಮಿಲಿಮೀಟರ್ ಮಾತ್ರ ಮೇಲೆ ಕಾಣಲಿ. ಅದಕ್ಕಿಂತ ಎತ್ತರ ಇದ್ದರೆ ಅಲಗು ನಡುಗುತ್ತದೆ, ಅರ ಕಿರುಚುತ್ತದೆ, ಅಂಚು ಒರಟಾಗುತ್ತದೆ. ಚಪ್ಪಟೆ ಅರವನ್ನು ಒಂದು ನೇರ ಮರದ ತುಂಡಿಗೆ ಕೂರಿಸಿ, ಅಲಗಿಗೆ ಲಂಬವಾಗಿ ನಿಲ್ಲುವ ಹಾಗೆ ನೋಡಿಕೊಂಡು, ಸಾಲಿನ ಉದ್ದಕ್ಕೂ ಹಗುರವಾಗಿ ಓಡಿಸಿ. ಒಂದು ಸಲ, ಬೇಕಾದರೆ ಎರಡು ಸಲ. ಪ್ರತಿ ಹಲ್ಲಿನ ತಲೆಯ ಮೇಲೂ ಒಂದು ಹೊಳೆಯುವ ಚುಕ್ಕೆ ಮೂಡಬೇಕು. ಅಲ್ಲಿಗೆ ನಿಲ್ಲಿಸಿ.

ಈ ಚುಕ್ಕೆಯೇ ಮುಂದಿನ ಕೆಲಸಕ್ಕೆಲ್ಲ ದಾರಿ ತೋರಿಸುವುದು. ಅದು ಕಾಣಬೇಕು. ಕಣ್ಣಿಗೆ ಕಷ್ಟ ಅಂದೆನಲ್ಲ, ಅದು ಇಲ್ಲಿ. ದೀಪವನ್ನು ತಲೆಯ ಮೇಲೆ ಇಡಬೇಡಿ. ಗರಗಸದ ಆಚೆ ಬದಿಗೆ, ತಗ್ಗಿನಲ್ಲಿ, ನಿಮ್ಮ ಕಡೆಗೆ ಮುಖ ಮಾಡಿ ಇಡಿ. ಆಗ ಚಪ್ಪಟೆ ತಲೆಗಳಷ್ಟೇ ಬೆಳಕನ್ನು ಕಣ್ಣಿಗೆ ತಿರುಗಿಸುತ್ತವೆ, ಉಳಿದದ್ದು ಕತ್ತಲಾಗಿ ಕಾಣುತ್ತದೆ. ಮಟ್ಟ ಮಾಡುವ ಮುಂಚೆಯೇ ಹಲ್ಲುಗಳಿಗೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿದರೆ ಇನ್ನೂ ಒಳ್ಳೆಯದು. ಹಿಂದೆ ಮೇಣದಬತ್ತಿಯ ಹೊಗೆ ಹಿಡಿಸುತ್ತಿದ್ದರು, ಅದೂ ಆಗುತ್ತದೆ. ತಲೆಗೆ ಹಾಕಿಕೊಳ್ಳುವ ಭೂತಕನ್ನಡಿ ಖಂಡಿತ ಬೇಕು. ಚಿಕ್ಕ ವಯಸ್ಸಿನವರೂ ಹಾಕಿಕೊಳ್ಳಿ, ನಾಚಿಕೆಪಡುವಂಥದ್ದೇನಿಲ್ಲ.

ಈಗ ಮೂರುಮೂಲೆ ಅರ. ಇದರ ಗಾತ್ರದ ಬಗ್ಗೆ ಎರಡು ಮಾತು. ಅರದ ಒಂದು ಮುಖದ ಅಗಲ ಹಲ್ಲಿನ ಆಳದ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಕಡಿಮೆ ಇದ್ದರೆ ಮುಖದ ನಡುಭಾಗ ಎರಡು ಸಲ ಸವೆಯುತ್ತದೆ. ತೀರಾ ದೊಡ್ಡದಾದರೂ ತೊಂದರೆ. ದೊಡ್ಡ ಅರದ ಮೂಲೆ ದುಂಡಗಿರುತ್ತದೆ. ಸಣ್ಣ ಹಲ್ಲಿನ ಸಂದಿಯ ತಳಕ್ಕೆ ಆ ದುಂಡು ಇಳಿಯುವುದಿಲ್ಲ. ಸಂದಿ ಆಳ ಕಳೆದುಕೊಂಡರೆ ಮರದ ಪುಡಿಗೆ ಜಾಗ ಇಲ್ಲ. 15ರ ಹತ್ತಿರದ ಹಲ್ಲಿಗೆ ನಾಲ್ಕು ಇಂಚಿನ ಡಬಲ್ ಎಕ್ಸ್‌ಟ್ರಾ ಸ್ಲಿಮ್ ಅರ ಸರಿಹೋಗುತ್ತದೆ. 20ರ ಆಸುಪಾಸಿನಲ್ಲಿ ಮೂಲೆ ಚೂಪಾಗಿರುವ ನೀಡಲ್ ಫೈಲ್ ಬೇಕು.

ಓರೆ ಸ್ಥಿರವಾಗಿರಲು ಅರದ ತುದಿಗೆ ಒಂದು ಪುಟ್ಟ ಮರದ ತುಂಡು ಸಿಕ್ಕಿಸಿ. ಅದಕ್ಕೆ ತೂತು ಕೊರೆದು, ಬೇಕಾದ ಕೋನಕ್ಕೆ ಅರವನ್ನು ತೂರಿಸಿದರೆ ಆಯಿತು. ಉಜ್ಜುವಾಗ ತುಂಡಿನ ಮೇಲ್ಮೈ ನೆಲಕ್ಕೆ ಸಮವಾಗಿದ್ದರೆ ಓರೆ ಸರಿ ಇದೆ ಅಂತ ಅರ್ಥ. ಅಳತೆಯ ಯಂತ್ರ ಗಿಂತ್ರ ಏನೂ ಬೇಡ.

ಅರವನ್ನು ಅಲಗಿಗೆ ಅಡ್ಡಲಾಗಿ, ಮಟ್ಟಸವಾಗಿ ಹಿಡಿದು ಮುಂದಕ್ಕೆ ತಳ್ಳಿ. ವಾಪಸ್ ಬರುವಾಗ ಎತ್ತಿಬಿಡಿ. ಹಿಂದಕ್ಕೆ ಎಳೆದರೆ ಅರ ಬೇಗ ಸಾಯುತ್ತದೆ. ಒಂದೊಂದು ಸಂದಿಗೂ ಒಂದು ಅಥವಾ ಎರಡು ತಳ್ಳು. ಎಲ್ಲ ಸಂದಿಗೂ ಒಂದೇ ಒತ್ತಡ, ಅರದ ಒಂದೇ ಉದ್ದ. ಹೀಗೆ ಸಾಲು ಮುಗಿಸಿ ಮತ್ತೆ ಚುಕ್ಕೆಗಳನ್ನು ನೋಡಿ. ಅರ್ಧಕ್ಕೆ ಇಳಿದಿರಬೇಕು. ಇನ್ನೊಂದು ಸುತ್ತಿನಲ್ಲಿ ಮಾಯವಾಗಬೇಕು. ಮಾಯವಾದ ಕೂಡಲೇ ಆ ಹಲ್ಲಿನಿಂದ ಕೈ ತೆಗೆಯಿರಿ. ಆಮೇಲೆ ಹಾಕಿದ ಒಂದೊಂದು ಉಜ್ಜೂ ಆ ಹಲ್ಲನ್ನು ಸಾಲಿನಿಂದ ಕೆಳಕ್ಕೆ ಇಳಿಸುತ್ತದೆ, ಕೆಳಗಿಳಿದ ಹಲ್ಲು ಮರ ಮುಟ್ಟುವುದಿಲ್ಲ.

ಹಲ್ಲುಗಳು ದೊಡ್ಡದು ಚಿಕ್ಕದು ಆಗಿದ್ದರೆ? ಕಾರ್ಖಾನೆಯಿಂದ ಬಂದ ಗರಗಸದಲ್ಲೂ ಇದು ಇರುತ್ತದೆ. ಇಲ್ಲಿ ಒಂದು ಸಂಗತಿ ಗಮನಿಸಿ. ಅರ ಒಂದು ಸಂದಿಯಲ್ಲಿ ಕೂತಾಗ ಅದು ಎರಡು ಹಲ್ಲನ್ನು ಮುಟ್ಟುತ್ತದೆ: ಒಂದು ಹಲ್ಲಿನ ಮುಂದಿನ ಮುಖ, ಪಕ್ಕದ ಹಲ್ಲಿನ ಬೆನ್ನು. ಯಾವ ಹಲ್ಲಿನ ಚುಕ್ಕೆ ಅಗಲವಾಗಿದೆಯೋ ಆ ಕಡೆಗೆ ಒಂಚೂರು ಒತ್ತು ಕೊಡಿ. ಕೋನ ಬದಲಿಸಬೇಡಿ, ಒತ್ತು ಮಾತ್ರ. ಸಂದಿ ನಿಧಾನವಾಗಿ ಆ ಕಡೆಗೆ ಜರುಗುತ್ತದೆ, ಎರಡು ಹಲ್ಲೂ ಸಮನಾಗುತ್ತವೆ. ಇದಕ್ಕೆ ಆತುರ ಸಲ್ಲದು. ತೀರಾ ಏರುಪೇರು ಇದ್ದರೆ ಮತ್ತೊಮ್ಮೆ ಮಟ್ಟ ಮಾಡಿ, ಹೊಸ ಚುಕ್ಕೆ ಮೂಡಿಸಿಕೊಂಡು ಮುಂದುವರಿಯಿರಿ.

ಸಣ್ಣ ಗರಗಸಕ್ಕೆ ನಾನು ತಪ್ಪದೆ ಮಾಡುವ ಇನ್ನೊಂದು ಮಾರ್ಪಾಡು ಇದೆ. ಮೂತಿಯ, ಅಂದರೆ ಹಿಡಿಯಿಂದ ದೂರದ ತುದಿಯ, ಕಡೆಯ ಮೊದಲ ಎರಡು ಇಂಚಿನ ಹಲ್ಲುಗಳಿಗೆ ಓರೆ 15 ಡಿಗ್ರಿ ಕೊಡುತ್ತೇನೆ. ಅಲ್ಲಿಂದ ಹಿಂದಕ್ಕೆ ನಿಧಾನವಾಗಿ ಇಳಿಸುತ್ತಾ 5ಕ್ಕೋ ಸೊನ್ನೆಗೋ ತರುತ್ತೇನೆ. ಮೂತಿಯಿಂದ ಕೊಯ್ತ ಶುರು ಮಾಡಿದರೆ ಎಡವುವುದಿಲ್ಲ, ಹಿಂದಿನ ಹಲ್ಲು ಬೇಗ ಕೊಯ್ಯುತ್ತದೆ. ಎರಡೂ ಸಿಕ್ಕಿತು.

ಹಲ್ಲೇ ಪೂರ್ತಿ ಕೆಟ್ಟಿದ್ದರೆ, ಅಥವಾ ಇಂಚಿಗೆ ಇಷ್ಟು ಅನ್ನುವುದನ್ನೇ ಬದಲಿಸಬೇಕು ಅಂತಿದ್ದರೆ, ಹಳೇ ಹಲ್ಲನ್ನು ಚಪ್ಪಟೆ ಅರದಿಂದ ಪೂರ್ತಿ ತೆಗೆದು ಹೊಸದಾಗಿ ಕೊರೆಯಬಹುದು. ಕಂಪ್ಯೂಟರಿನಲ್ಲಿ ಬೇಕಾದ ಅಂತರಕ್ಕೆ ಗೆರೆ ಹಾಕಿ, ಕಾಗದದ ಪಟ್ಟಿ ಮುದ್ರಿಸಿ, ಅಲಗಿನ ಮೇಲೆ ಅಂಟಿಸಿ. ಇಂಚಿಗೆ 14 ಅಥವಾ 18 ಬೇಕಿದ್ದರೆ ಇನ್ನೂ ಸುಲಭ, ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡ್ ಅಷ್ಟೇ ಹಲ್ಲಿನದ್ದು ಸಿಗುತ್ತದೆ. ಅದನ್ನು ಅಲಗಿನ ಪಕ್ಕಕ್ಕೆ ಸೇರಿಸಿ ವೈಸ್‌ನಲ್ಲಿ ಹಿಡಿಸಿ, ಅದರ ಸಂದಿಯಲ್ಲೇ ಅರ ಕೂರಿಸಿ ಒಂದೊಂದು ಗುರುತು ಹಾಕುತ್ತಾ ಹೋಗಿ. ಮೊದಲ ಸುತ್ತಿನಲ್ಲಿ ಬರೀ ಗುರುತು. ಆಳಕ್ಕೆ ಇಳಿಯುವುದು ಎರಡನೇ, ಮೂರನೇ ಸುತ್ತಿನಲ್ಲಿ. ಮೊದಲ ಹಲ್ಲನ್ನೇ ಪೂರ್ತಿ ಆಳಕ್ಕೆ ಕೊರೆದು ಮುಂದೆ ಹೋದರೆ ಸಾಲು ಖಂಡಿತ ಕೆಡುತ್ತದೆ.

ಹೊಸ ಹಲ್ಲಿಗೆ ಸೆಟ್ ಕೊಡಲೇಬೇಕು. ಇಕ್ಕಳದ ಹಾಗಿರುವ ಸೆಟ್ ಉಪಕರಣ ಇದೆಯಲ್ಲ, ಅದರ ಹಲ್ಲು ಬಗ್ಗಿಸುವ ಮೊಳೆ ಸಣ್ಣ ಹಲ್ಲಿಗೆ ಅಗಲ ಜಾಸ್ತಿ. ಒಂದನ್ನು ಬಗ್ಗಿಸಲು ಹೋದರೆ ಪಕ್ಕದ್ದೂ ಬಗ್ಗುತ್ತದೆ. ಮೊಳೆಯ ಎರಡೂ ಬದಿ ಸವೆಸಿ, ಒಂದು ಹಲ್ಲಿಗಿಂತ ಕಿರಿದು ಮಾಡಿಕೊಳ್ಳಿ. ಹಲ್ಲಿನ ಮೇಲಿನ ಅರ್ಧ ಮಾತ್ರ ಬಾಗಬೇಕು. ಬುಡದಿಂದ ಬಗ್ಗಿಸಿದರೆ ಹಲ್ಲು ಮುರಿಯುತ್ತದೆ, ಅಥವಾ ಅಲಗೇ ಸೊಟ್ಟಗಾಗುತ್ತದೆ. ಒಂದು ಬಿಟ್ಟು ಒಂದು ಹಲ್ಲನ್ನು ಒಂದು ಕಡೆಗೆ, ಅಲಗು ತಿರುಗಿಸಿ ಉಳಿದವನ್ನು ಇನ್ನೊಂದು ಕಡೆಗೆ. ಆಮೇಲೆ ಪ್ರತಿ ಸಂದಿಗೆ ಕೊನೆಯ ಒಂದು ಹಗುರ ಉಜ್ಜು. ಆಮೇಲೆ ಮತ್ತೆ ಅದೇ ಕಾಗದ, ಅದೇ ವೈಸ್.

ಕೊನೆಗೆ ಪರೀಕ್ಷೆ. ನೇರ ಗೆರೆ ಎಳೆದು, ಒತ್ತದೆ, ತಿದ್ದದೆ, ಗರಗಸವನ್ನು ಅದರ ಪಾಡಿಗೆ ಬಿಟ್ಟು ಕೊಯ್ಯಿರಿ. ಅದು ಬಲಕ್ಕೆ ಎಳೆಯುತ್ತಿದ್ದರೆ ಬಲಗಡೆ ಸೆಟ್ ಜಾಸ್ತಿ ಇದೆ, ಇಲ್ಲವೇ ಅರ ಹಾಕುವಾಗ ಅಂಚಿನಲ್ಲಿ ಏಳುವ ಉಕ್ಕಿನ ಸಣ್ಣ ಚೂರು, ಅಂದರೆ ಬರ್, ಆ ಕಡೆ ನಿಂತಿದೆ. ಗರಗಸವನ್ನು ಮೇಜಿನ ಮೇಲೆ ಮಲಗಿಸಿ, ನಯವಾದ ಎಣ್ಣೆಕಲ್ಲನ್ನು ಆ ಬದಿಯ ಹಲ್ಲುಗಳ ಮೇಲೆ ಹಿಡಿಯಿಂದ ಮೂತಿವರೆಗೆ ಒಂದೇ ಸಲ, ಕಲ್ಲಿನ ಭಾರದಷ್ಟೇ ಒತ್ತಡದಲ್ಲಿ ಎಳೆಯಿರಿ. ಮತ್ತೆ ಕೊಯ್ದು ನೋಡಿ. ಎರಡನೇ ಸಲ ಎಳೆಯುವ ಮುಂಚೆ ಕೊಯ್ದು ನೋಡಲೇಬೇಕು, ಯಾಕೆಂದರೆ ತೆಗೆದ ಉಕ್ಕು ವಾಪಸ್ ಬರುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಮುಖ್ಯವಾದವನ್ನು ಇಲ್ಲಿ ಸೇರಿಸುತ್ತೇನೆ.

ಅರವನ್ನು ಒಂದೇ ಕಡೆಯಿಂದ ಹಾಕಬಹುದಾ, ಎರಡೂ ಕಡೆಯಿಂದ ಹಾಕಬೇಕಾ? ಸೀಳುವ ಹಲ್ಲಾದರೆ, ಇಂಚಿಗೆ 15ಕ್ಕಿಂತ ಜಾಸ್ತಿ ಹಲ್ಲಿದ್ದರೆ, ಒಂದೇ ಕಡೆಯಿಂದ ಹಾಕಿ. ಅಲಗು ತಿರುಗಿಸಿ ಎಣಿಕೆ ತಪ್ಪುವುದಕ್ಕಿಂತ ಅದು ಮೇಲು. ಬರ್ ಎಲ್ಲ ಆಚೆ ಕಡೆಗೇ ಏಳುತ್ತದೆ, ಅದನ್ನು ಕಲ್ಲಿನಿಂದ ತೆಗೆದರೆ ಆಯಿತು. ದೊಡ್ಡ ಹಲ್ಲಿಗೆ ಮಾತ್ರ ಒಂದು ಬಿಟ್ಟು ಒಂದು ಸಂದಿಯಂತೆ ಎರಡೂ ಕಡೆಯಿಂದ ಹಾಕಿ.

ಅಡ್ಡ ಕೊಯ್ಯಲೆಂದೇ ಇರುವ ಸಣ್ಣ ಗರಗಸ? ಅಲ್ಲಿ ಅರವನ್ನು ಅಲಗಿಗೆ ನೇರ ಅಡ್ಡ ಹಿಡಿಯದೆ 15ರಿಂದ 20 ಡಿಗ್ರಿ ಪಕ್ಕಕ್ಕೆ ತಿರುಗಿಸಿ ಹಿಡಿಯಬೇಕು. ಹಲ್ಲಿನ ಅಂಚು ಚಾಕುವಿನಂತಾಗಿ ಎಳೆಯನ್ನು ಕಡಿಯುತ್ತದೆ. ಇಲ್ಲಿ ಎರಡೂ ಕಡೆಯಿಂದ ಹಾಕದೆ ವಿಧಿಯಿಲ್ಲ. ಸೀಳುವ ಹಲ್ಲಿನಲ್ಲಿ ಕೈ ಪಳಗಿದ ಮೇಲೆ ಇದಕ್ಕೆ ಬನ್ನಿ.

ಜಪಾನಿನ ಎಳೆದು ಕೊಯ್ಯುವ ಗರಗಸಕ್ಕೂ ಇದೇ ರೀತಿಯಾ? ಅಲ್ಲ. ಅಡ್ಡ ಕೊಯ್ಯುವ ಜಪಾನೀ ಹಲ್ಲು ಎತ್ತರ, ತೆಳು. ತುದಿಯಲ್ಲಿ ಇನ್ನೊಂದು ಮುಖವೂ ಇರುತ್ತದೆ. ಮೂರುಮೂಲೆ ಅರ ಅದರೊಳಗೆ ಇಳಿಯುವುದಿಲ್ಲ, ಗರಿಯಂತೆ ತೆಳುವಾದ ಬೇರೆಯೇ ಅರ ಬೇಕು. ಅಲ್ಲಿ ಹಲ್ಲು ಹರಿತ ಮಾಡುವುದಕ್ಕೇ ಮೆತಾತೆ ಅನ್ನುವ ಕುಶಲ ಕಸುಬು ಇದೆ. ಈಗ ಸಿಗುವ ಬದಲಿ ಅಲಗಿನವುಗಳ ಹಲ್ಲಂತೂ ಗಡುಸು ಮಾಡಿದ್ದೇ ಜಾಸ್ತಿ.

ಎಷ್ಟು ದಿನಕ್ಕೊಮ್ಮೆ ಅರ ಹಾಕಬೇಕು, ಪ್ರತಿ ಸಲವೂ ಇಷ್ಟೆಲ್ಲ ಮಾಡಬೇಕಾ? ಬೇಡ. ಹಲ್ಲಿನ ತುದಿಯಲ್ಲಿ ಬೆಳಕಿಗೆ ಸಣ್ಣ ಹೊಳಪು ಕಂಡ ಕೂಡಲೇ ಪ್ರತಿ ಸಂದಿಗೆ ಒಂದೊಂದು ಹಗುರ ಉಜ್ಜು ಕೊಡಿ. ತುದಿ ದುಂಡಾಗುವವರೆಗೆ ಕಾದರೆ ಮಟ್ಟ ಮಾಡುವುದರಿಂದ ಶುರು ಮಾಡಬೇಕಾಗುತ್ತದೆ. ಸೆಟ್ ಅನ್ನು ನಾಲ್ಕೈದು ಸಲ ಅರ ಹಾಕುವವರೆಗೂ ಮುಟ್ಟಬೇಕಾಗಿಲ್ಲ. ಗರಗಸ ಒಣ ಮರದಲ್ಲೂ ಬಿಗಿಯತೊಡಗಿದರೆ ಆಗ ಸೆಟ್ ಕೊಡಿ. ಹಿಂದೆ ಯಾವ ಹಲ್ಲು ಯಾವ ಕಡೆಗೆ ಬಾಗಿತ್ತೋ ಆ ಕಡೆಗೇ ಬಾಗಿಸಿ. ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಸಣ್ಣ ಹಲ್ಲು ಬುಡದಲ್ಲೇ ಮುರಿಯುತ್ತದೆ.